ಗುಮ್ಮಟದ ಕೆಳಗೆ ಕಳೆದುಹೋದ ಮಾತು

ನಮ್ಮ ಹೊಸ ನಾಟಕಶಾಲೆ ತೆರೆದ ಸಂಜೆ ನಾನು ಗ್ಯಾಲರಿಯ ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದೆ. ನಾಟಕ ಕಂಪನಿಯ ಮ್ಯಾನೇಜರ್ ನಿಲ್ಲುವ ಜಾಗ ಅದು. ಟಿಕೀಟಿಲ್ಲದೆ ನುಸುಳುವವರು, ಬೆಂಚಿಗಾಗಿ ಜಗಳವಾಡುವವರು, ಅಳುವ ಮಕ್ಕಳು ಎಲ್ಲವೂ ಅಲ್ಲಿಂದ ಕಾಣುತ್ತವೆ. ಪರದೆ ಎದ್ದಿತು. ನಮ್ಮ ರಾಜಪಾರ್ಟಿನವರು ಕಿರೀಟವಿಟ್ಟು ಮುಂದೆ ಬಂದರು. ಊರೂರಿನ ಬಯಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಮಳೆ ಸದ್ದಿನ ಮೇಲೂ ಹಾಡಿ ಗೆದ್ದ ಕಂಠ ಅವರದು. ಅವರು ಬಾಯಿ ತೆರೆದದ್ದು ಕಂಡಿತು. ಮಾತು ಬರಲಿಲ್ಲ. ಆಳವಾದ ಬಾವಿಯೊಳಗೆ ಯಾರೋ ಕೂಗಿದಂತೆ ಒಂದು ಮೊರೆತ ಬಂತು. ಮೊದಲ ಮಾತಿನ ಬಾಲ ಸಾಯುವ ಮುಂಚೆ ಎರಡನೆಯ ಮಾತು ಅದರ ಮೇಲೆ ಬಿದ್ದು, ಎರಡೂ ಕಲಸಿಹೋದವು.

"ಕೇಳುಸ್ತಿಲ್ಲ! ಜೋರಾಗಿ!" ಎಂದು ಗ್ಯಾಲರಿ ಕೂಗಿತು.

ಅವರು ಜೋರು ಮಾಡಿದರು. ಮೊರೆತವೂ ಜೋರಾಯಿತು. ನಡುವಿನ ಬೆಂಚುಗಳಲ್ಲಿ ಇನ್ನೊಂದು ವಿಪರೀತ. ಅಲ್ಲಿ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತಿತ್ತು, ಒಮ್ಮೆ ರಂಗದಿಂದ, ಒಮ್ಮೆ ನೆತ್ತಿಯ ಮೇಲಿಂದ. ರಾಜ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಅಳುವಾಗ ಆ ಬೆಂಚುಗಳು ನಕ್ಕವು. ಪುತ್ರಶೋಕಕ್ಕೆ ಜನ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಎಲ್ಲೂ ಕಂಡಿರಲಿಲ್ಲ.

ಈ ಕಟ್ಟಡ ಆದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ನಮಗಿದ್ದದ್ದು ತಗಡಿನ ಥಿಯೇಟರು. ಬೆಂಕಿಯ ಭಯವೆಂದು ಮುನಿಸಿಪಾಲಿಟಿಯವರು ಅದನ್ನು ತೆಗೆಯಲು ಹೇಳಿದರು. ನಮ್ಮ ಯಜಮಾನರು ಕಂಪನಿಯ ಮಾಲೀಕರು, ವಯಸ್ಸಿನಲ್ಲಿ ತಾವೇ ರಾಜಪಾರ್ಟು ಮಾಡಿದವರು. ಗಾರೆಯ ಕಟ್ಟಡವನ್ನೇ ಕಟ್ಟಿಸುತ್ತೇನೆಂದು ಹಟ ಹಿಡಿದರು. ಬೊಂಬಾಯಿಯಲ್ಲಿ ಓದಿ ಬಂದ ಒಬ್ಬ ಆರ್ಕಿಟೆಕ್ಟ್ ಬಣ್ಣದ ಚಿತ್ರವೊಂದನ್ನು ತಂದು ನಡುಮನೆಯ ಗೋಡೆಗೆ ಒರಗಿಸಿಟ್ಟರು. ಕಮಾನಿನ ಮುಂಭಾಗ, ನೆತ್ತಿಯ ಮೇಲೆ ಗುಮ್ಮಟ, ಗುಮ್ಮಟದ ತುದಿಯಲ್ಲಿ ಬಾವುಟ. ಯಜಮಾನರು ಆ ಚಿತ್ರದ ಮುಂದೆ ಕೂತವರು ಊಟಕ್ಕೂ ಏಳಲಿಲ್ಲ. "ಅರಮನೆಗೆ ಗುಮ್ಮಟ ಐತೆ. ನಾಟಕದ ರಾಜ ಏನ್ ಪಾಪ ಮಾಡಿದ್ದ?" ಎಂದರು. ಆಯ್ಕೆ ಅಲ್ಲಿಗೇ ಮುಗಿಯಿತು. ಆ ಮನುಷ್ಯ ಹಿಂದೆ ಏನು ಕಟ್ಟಿದ್ದಾನೆ, ಅದರೊಳಗೆ ಕೂತವರು ಏನನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ಚಿತ್ರದಲ್ಲಿ ದನಿ ಕಾಣುವುದಿಲ್ಲ ಎನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪ್ರಾರಂಭದ ಮರುದಿನವೇ ಆ ಆರ್ಕಿಟೆಕ್ಟಿಗೆ ಬರೆದೆವು. ನಟರಿಗೆ ಉಚ್ಚಾರಣೆ ತಿದ್ದಿಸಿ, ಕಟ್ಟಡದಲ್ಲಿ ದೋಷವಿಲ್ಲ ಎಂದು ಜವಾಬು ಬಂತು. ಮತ್ತೆ ಬರೆದದ್ದಕ್ಕೆ ಜವಾಬೇ ಇಲ್ಲ.

ನಾಟಕ ನಿಲ್ಲಿಸುವಂತಿರಲಿಲ್ಲ. ರಂಗದ ಹಿಂದಿನ ಸಾಲುಮನೆಗಳಲ್ಲಿ ಕಂಪನಿಯ ಸಂಸಾರಗಳಿದ್ದವು, ಎಲ್ಲರ ಒಲೆಯೂ ಆ ಪರದೆ ಎದ್ದರೇ ಉರಿಯಬೇಕು. ಕೈಲಾದದ್ದೆಲ್ಲ ಮಾಡಿದೆವು. ಹಳೆಯ ಸೀನು ಪರದೆಗಳನ್ನು ಗೋಡೆಗೆ ಇಳಿಬಿಟ್ಟೆವು. ಯಾರೋ ಹೇಳಿದರೆಂದು ಮೂಲೆಗಳಲ್ಲಿ ನೀರು ತುಂಬಿದ ಹರವಿಗಳನ್ನಿಟ್ಟೆವು. ಗೋಣಿಚೀಲ ಹಾಸಿದೆವು. ಮೊರೆತ ಒಂದು ಕೂದಲೆಳೆಯಷ್ಟು ತಗ್ಗುತ್ತಿತ್ತು, ಅಥವಾ ತಗ್ಗಿತೆಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಜನ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾದರು. ಖಾಲಿ ಬೆಂಚು ಹೆಚ್ಚಿದಷ್ಟೂ ಮೊರೆತ ಮತ್ತೂ ಹೆಚ್ಚಿತು. ಅದಕ್ಕೆ ಕಾರಣ ನನಗೆ ಆಗ ತಿಳಿದಿರಲಿಲ್ಲ.

ಆಗ ಬೆಂಗಳೂರಿನಿಂದ ಎರಡನೆಯ ಆರ್ಕಿಟೆಕ್ಟ್ ಬಂದರು. ಯಜಮಾನರೇ ಯಾರದೋ ಶಿಫಾರಸಿನ ಮೇಲೆ ಕರೆಸಿದ್ದು. ಒಳ್ಳೆಯ ಸೂಟು, ಮೃದುವಾದ ಮಾತು. ನಾಟಕದ ಹಾಲಿನ ನಡುವೆ ನಿಂತು ತಲೆ ಎತ್ತಿ ನೋಡಿ, "ಆಹಾ, ಎಂಥ ಗುಮ್ಮಟ! ಇದನ್ನ ಮುಟ್ಟೋ ಹಾಗೇ ಇಲ್ಲ" ಎಂದರು. ಯಜಮಾನರ ಮುಖ ಅರಳಿತು. ತಂತಿ ಕಟ್ಟಿದರೆ ಸಾಕು ಎಂದರು ಆತ. ಗೋಡೆಯಿಂದ ಗೋಡೆಗೆ, ತಲೆಯ ಮೇಲೆ, ಪಿಟೀಲಿನ ತಂತಿಯಂತೆ ಬಿಗಿದು ಸಾಲುಸಾಲಾಗಿ ಕಟ್ಟಬೇಕು. ದನಿ ಅದಕ್ಕೆ ಸಿಕ್ಕಿ ಒಡೆದು ಶಾಂತವಾಗುತ್ತದೆ. ವಿಲಾಯಿತಿಯ ಚರ್ಚುಗಳಲ್ಲೆಲ್ಲ ಹೀಗೇ ಮಾಡುತ್ತಾರೆ.

ಕಟ್ಟಿಸಿದೆವು. ಸಾರವೆ ಹಾಕಿ, ಗೋಡೆಗೆ ಕೊಂಡಿ ಬಡಿದು, ಬಡಗಿಗಳು ತಂತಿ ಬಿಗಿದರು. ತಲೆ ಎತ್ತಿದರೆ ದೊಡ್ಡ ಮಗ್ಗವೊಂದರ ಕೆಳಗೆ ಕೂತಂತೆ ಕಾಣುತ್ತಿತ್ತು. ಆ ಸಂಜೆಯ ನಾಟಕಕ್ಕೆ ನಾನು ಮತ್ತೆ ಬಾಗಿಲಿಗೆ ಒರಗಿ ನಿಂತೆ. ಪರದೆ ಎದ್ದಿತು. ಅದೇ ಬಾವಿ, ಅದೇ ಮೊರೆತ. ಪಕ್ಕದಲ್ಲಿ ನಿಂತಿದ್ದ ಗೇಟಿನವನು ಮೇಲೆ ನೋಡಿ, "ಇನ್ಮೇಲೆ ಬಟ್ಟೆನಾದ್ರೂ ಒಣಗಾಕ್ಬೌದು ಬುಡಿ" ಎಂದ. ಅವನನ್ನು ಗದರಬೇಕೆನ್ನಿಸಿತು. ಬದಲಿಗೆ ನಾನೂ ತಲೆ ಎತ್ತಿ ತಂತಿ ನೋಡಿದೆ.

ಅದಾದ ವಾರದಲ್ಲೇ ರಾಜಪಾರ್ಟಿನವರ ಗಂಟಲು ಒಡೆಯಿತು. ತಮ್ಮ ದನಿಯಿಂದಲೇ ಆ ಗುಮ್ಮಟವನ್ನು ಗೆಲ್ಲುತ್ತೇನೆಂದು ಅವರು ಛಲ ತೊಟ್ಟಿದ್ದರು. ಪ್ರತಿ ಆಟದಲ್ಲೂ ಶ್ರುತಿ ಏರಿಸುತ್ತಾ ಹೋದರು. ಬೇಡವೆಂದು ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಶ್ರುತಿ ತಗ್ಗಿಸಿ ನುಡಿಸಿದರೆ ಅವರ ಕಡೆ ಕಣ್ಣು ಕೆಂಪು ಮಾಡಿ ನೋಡುತ್ತಿದ್ದರು. ಆ ದಿನ ಪದ್ಯದ ನಡುವೆ ದನಿ ಹರಿದ ಬಟ್ಟೆಯಂತೆ ಚರ್ ಎಂದು ನಿಂತುಹೋಯಿತು. ಪರದೆ ಬಿಡಿಸಿ ನಾನು ಒಳಗೆ ಓಡಿದೆ. ಅವರು ಕಿರೀಟ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಂಗವಸ್ತ್ರದಲ್ಲಿ ರಕ್ತದ ಕಲೆ. ಏನೋ ಹೇಳಲು ಹೋದರು, ಗಾಳಿ ಬಂತು, ಮಾತಿರಲಿಲ್ಲ.

ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ, ಮಾತೇ ಆಡಕೂಡದು ಎಂದರು. ಎಷ್ಟು ಕಾಲ ಎಂದರೆ ಕೈ ಆಡಿಸಿದರು. ಹಾಡುವ ಮಾತನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಯಜಮಾನರು ನನ್ನನ್ನು ಕರೆಸಿದರು. ಖಾಲಿ ಹಾಲಿನ ಮುಂದಿನ ಸೋಫಾದಲ್ಲಿ ಒಬ್ಬರೇ ಕೂತಿದ್ದರು. ಗಡ್ಡ ಬೆಳೆದಿತ್ತು.

"ನೀನೇ ನೋಡಯ್ಯ ಇನ್ನು," ಎಂದರು. "ಎರಡು ಸಲ ಆರಿಸ್ದೆ. ಒಬ್ಬ ಮನೆ ಕೆಡಿಸ್ದ, ಇನ್ನೊಬ್ಬ ಮಗ್ಗ ಹಾಕ್ದ. ನನ್ನ ಕಣ್ಣಿಗೆ ಇದು ಆಗದ ಕೆಲಸ. ನಿಂಗೆ ಯಾರು ಸರಿ ಅನ್ಸುತ್ತೋ ಅವರನ್ನ ಕರ್ಕೊಂಡು ಬಾ."

ನಾನು ಹಿನಕಲ್ಲಿನ ಒಕ್ಕಲು ಮನೆಯವನು. ಇಟ್ಟಿಗೆಯ ಬಗ್ಗೆ ನನಗೇನು ಗೊತ್ತು? ಆದರೆ ದನ ಕೊಳ್ಳುವುದನ್ನು ನೋಡಿ ಬೆಳೆದವನು. ನಮ್ಮಪ್ಪ ಎತ್ತಿನ ಕೊಂಬಿಗೆ ಬಳಿದ ಬಣ್ಣ ನೋಡುತ್ತಿರಲಿಲ್ಲ, ಹಿಂದೆ ಅದರಲ್ಲಿ ಉತ್ತವನನ್ನು ಹುಡುಕಿಕೊಂಡು ಹೋಗಿ ಕೇಳುತ್ತಿದ್ದ. ನಾನೂ ಹಾಗೇ ಮಾಡುವುದೆಂದು ನಿಶ್ಚಯಿಸಿದೆ. ಆರ್ಕಿಟೆಕ್ಟಿನ ಮಾತು ಕೇಳುವ ಮುಂಚೆ ಅವನು ಕಟ್ಟಿದ ಮನೆಯೊಳಗೆ ಕೂತವರ ಮಾತು ಕೇಳಬೇಕು.

ಮೊದಲು ನಿವೃತ್ತ ಇಂಜಿನಿಯರೊಬ್ಬರ ಮನೆಗೆ ಹೋದೆ. ಜಗುಲಿಯ ಮೇಲೇ ನಿಲ್ಲಿಸಿಕೊಂಡು, "ಇನ್ನೊಬ್ಬ ಕಟ್ಟಿದ್ದಕ್ಕೆ ನಾನು ಕೈ ಹಾಕೋದಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಮತ್ತೊಬ್ಬರು ಹಾಲಿಗೆ ಬಂದು ನೋಡಿ, ಇಡೀ ಮಾಡನ್ನೇ ಕೆಡವಿ ತಗಡು ಹೊದಿಸಿ ಎಂದರು. ತಗಡು ತೆಗೆಯಬೇಕೆಂದೇ ಇದನ್ನು ಕಟ್ಟಿದ್ದೆವು. ಇನ್ನಿಬ್ಬರು ಕಟ್ಟಿದ ಛತ್ರ, ಸಭಾಮಂದಿರಗಳಿಗೆ ಹೋಗಿ ನಾನೇ ಹಿಂದೆ ಕೂತು ನೋಡಿದೆ. ಒಂದು ಛತ್ರದಲ್ಲಿ ಓಲಗ ನಿಂತ ಮೇಲೂ ಓಲಗ ಕೇಳುತ್ತಿತ್ತು. ದಿನವೂ ಸೈಕಲ್ಲು ತುಳಿದು ಸಂಜೆಗೆ ಬರಿಗೈಯಲ್ಲಿ ವಾಪಸಾಗುತ್ತಿದ್ದೆ. ಗೇಟಿನ ಹತ್ತಿರ ಯಾರಾದರೂ ಕಾದಿರುತ್ತಿದ್ದರು. "ಏನಾಯ್ತಣ್ಣ?" ಎನ್ನುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಕೇಳುವುದನ್ನೂ ಬಿಟ್ಟರು. ತಬಲದವನು ಹುಬ್ಬಳ್ಳಿ ಕಡೆಯ ಕಂಪನಿಗೆ ಹೊರಟುಹೋದ. ಸ್ತ್ರೀಪಾರ್ಟಿನ ಇಬ್ಬರು ಹೇಳದೆ ಹೋದರು. ಉಳಿದವರ ಮುಖ ನೋಡುವುದು ತಪ್ಪಲಿ ಎಂದು ನಾನು ಹಿತ್ತಲ ಬಾಗಿಲಿಂದ ಬರತೊಡಗಿದೆ.

ಹಾರ್ಮೋನಿಯಂ ಮೇಷ್ಟ್ರು ಕ್ರೈಸ್ತರು. ತಲೆಮಾರುಗಳಿಂದ ಮೈಸೂರಿನಲ್ಲೇ ಇರುವ ಮನೆತನ, ಭಾನುವಾರ ಇಗರ್ಜಿಯ ಪೂಜೆ ತಪ್ಪಿಸುವವರಲ್ಲ. ಒಂದು ಸೋಮವಾರ ಬೆಳಿಗ್ಗೆ ನನ್ನ ಕೋಣೆಗೆ ಬಂದು ಕೂತರು.

"ನಿನ್ನೆ ನಮ್ಮ ಇಗರ್ಜಿ ಶಾಲೇಲಿ ಬಹುಮಾನ ಹಂಚಿದ್ರು ಕಣ್ರೀ," ಎಂದರು. "ಹೊಸ ಹಾಲು. ನಮ್ಮ ಪಾದ್ರಿ ಸ್ವಾಮಿಗಳಿಗೆ ವಯಸ್ಸಾಗೈತೆ, ದನಿ ಅನ್ನೋದೇ ಇಲ್ಲ. ನಾನು ತಡವಾಗಿ ಹೋಗಿ ಕೊನೇಲಿ ನಿಂತಿದ್ದೆ. ಒಂದೊಂದು ಮಾತೂ ಕೇಳುಸ್ತು. ಅಲ್ಲೇ ಹೊಳೀತು ನೋಡಿ ನಂಗೆ."

"ಯಾರು ಕಟ್ಟಿದ್ದು?"

"ಅದೇ ತೊಂದರೆ," ಎಂದು ಅವರು ಗಲ್ಲ ಕೆರೆದುಕೊಂಡರು. "ಸರ್ಕಾರಿ ಕೆಲಸ ಬಿಟ್ಟು ಬಂದ ಇಂಜಿನಿಯರು. ಯಾರ ಜೊತೇನೂ ಹೊಂದ್ಕೊಳಲ್ಲ ಅಂತಾರೆ. ನಮ್ಮ ಸ್ವಾಮಿಗಳ ಹತ್ರಾನೇ ನಾಲ್ಕು ಸಲ ಜಗಳ ಆಡವ್ರೆ."

ಅಂದೇ ಶಾಲೆಗೆ ಹೋದೆವು. ಪಕ್ಕದ ಕೊಠಡಿಗಳಲ್ಲಿ ಪಾಠ ನಡೆಯುತ್ತಿತ್ತು. ನಮ್ಮ ಹಾರ್ಮೋನಿಯಂ ಮೇಷ್ಟ್ರು ವೇದಿಕೆಯ ಮೇಲೆ ನಿಂತು ಮೆಲ್ಲಗೆ ಒಂದು ಆಲಾಪ ಎಳೆದರು. ನಾನು ಕೊನೆಯ ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದೆ. ಅವರು ನನ್ನ ಪಕ್ಕದಲ್ಲೇ ಹಾಡುತ್ತಿದ್ದಂತಿತ್ತು. ನೋಡಿದರೆ ಆ ಹಾಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ತಗ್ಗಾದ ಸಪಾಟು ಮಾಡು, ವೇದಿಕೆಯ ಮೇಲೆ ಓರೆಯಾಗಿ ಹಲಗೆ, ಹಿಂದಿನ ಗೋಡೆಗೆ ನಾರಿನ ಚಾಪೆ. ಇದರ ಬಣ್ಣದ ಚಿತ್ರ ಬರೆದು ತಂದಿದ್ದರೆ ನಮ್ಮ ಯಜಮಾನರು ಎರಡನೆಯ ಸಲ ನೋಡುತ್ತಿರಲಿಲ್ಲ.

ಆ ಇಂಜಿನಿಯರನ್ನು ಕಾಣಲು ಲಷ್ಕರ್ ಮೊಹಲ್ಲಾದ ಅವರ ಮನೆಗೆ ಹೋದೆ. ನಲವತ್ತೈದರ ಆಸುಪಾಸಿನ, ಬಡಕಲು ಮೈಯ, ಸದಾ ಅವಸರದಲ್ಲಿರುವಂತೆ ಕಾಣುವ ಮನುಷ್ಯ. ನಾನು ನಮ್ಮ ಸಂಕಟವನ್ನೆಲ್ಲ ಹೇಳಿ, ಇಗರ್ಜಿ ಶಾಲೆಯ ಹಾಲು ನೋಡಿ ಬಂದೆ, ಅದ್ಭುತವಾಗಿದೆ ಎಂದೆ.

"ಅದೊಂದನ್ನೇ ನೋಡಿದ್ರಾ?" ಎಂದರು. "ಬನ್ನಿ."

ಕೋಟು ಹಾಕಿಕೊಂಡು ನನ್ನನ್ನು ಊರ ಇನ್ನೊಂದು ಬದಿಯ ವಾಚನಾಲಯವೊಂದಕ್ಕೆ ಕರೆದುಕೊಂಡು ಹೋದರು. ಮೇಲಿನ ಉಪನ್ಯಾಸದ ಕೋಣೆಯಲ್ಲಿ ನಿಲ್ಲಿಸಿ ಎರಡು ಕೈ ತಟ್ಟಿದರು. ತಟ್ಟಿದ ಸದ್ದು ಗೋಡೆಯಿಂದ ಗೋಡೆಗೆ ಚೆಂಡಿನಂತೆ ಪುಟಿಯಿತು.

"ಇದೂ ನಾನೇ ಕಟ್ಟಿದ್ದು," ಎಂದರು. "ಇಲ್ಲಿ ಉಪನ್ಯಾಸ ಮಾಡೋರು ಯಾರೂ ಎರಡನೇ ಸಲ ಬರಲ್ಲ. ಅಕ್ಕಪಕ್ಕದ ಗೋಡೆ ಎದುರುಬದುರಾಗಿ ನುಣ್ಣಗೆ ಇಟ್ಟೆ. ಕಮಿಟಿಯವರು ಹಾಗೇ ಬೇಕು ಅಂದ್ರು, ನಾನು ಹ್ಞೂಂ ಅಂದೆ. ಅವತ್ತಿಂದ ಹ್ಞೂಂ ಅನ್ನೋದು ಬಿಟ್ಟಿದೀನಿ. ನನ್ನ ಕೆಲಸ ಬೇಕು ಅನ್ನೋರು ಮೊದಲು ಇದನ್ನ ನೋಡಬೇಕು."

ನಾನು ಅಲ್ಲಿಯವರೆಗೆ ಕಂಡ ಯಾರೂ ತಮ್ಮ ಕೆಟ್ಟ ಕೆಲಸವನ್ನು ತೋರಿಸಿರಲಿಲ್ಲ.  ನನ್ನ ಮನಸ್ಸು ಆ ಕೋಣೆಯಲ್ಲೇ ಒಪ್ಪಿಹೋಗಿತ್ತು ಎಂದು ಈಗ ಅನ್ನಿಸುತ್ತದೆ.

ಅವರು ನಮ್ಮ ಹಾಲಿಗೆ ಬಂದು ಮೊದಲು, ಉಳಿದ ನಟರಿಂದ ಹೇಗೋ ನಡೆಸುತ್ತಿದ್ದ ಒಂದು ಆಟವನ್ನು ಪೂರ್ತಿ ನೋಡಿದರು, ಎಲ್ಲೂ ಕೂರದೆ. ಸೋಫಾದ ಹತ್ತಿರ, ಬೆಂಚಿನ ನಡುವೆ, ಗ್ಯಾಲರಿಯಲ್ಲಿ, ಹೀಗೆ ಜಾಗ ಬದಲಿಸುತ್ತಾ ತಲೆ ವಾಲಿಸಿ ನಿಂತು ಕೇಳಿದರು. ಮರುದಿನ ಬೆಳಿಗ್ಗೆ ಎರಡು ಹಲಗೆ ತಂದು ಪಟ್ ಎಂದು ಹೊಡೆಯುತ್ತಾ, ಕಿಸೆ ಗಡಿಯಾರ ನೋಡುತ್ತಾ ಮಧ್ಯಾಹ್ನದ ತನಕ ತಿರುಗಿದರು. ಆಮೇಲೆ ರಂಗದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಟ್ಟಡವನ್ನು ಉದ್ದಕ್ಕೆ ಸೀಳಿದಂತೆ ಬರೆದರು. ರಂಗದ ಗುರುತಿನಿಂದ ಗುಮ್ಮಟಕ್ಕೆ ದಾರ ಹಿಡಿದು, ಅಲ್ಲಿಂದ ಕೆಳಕ್ಕೆ ತಿರುಗಿಸಿದರು. ದಾರ ನಡುವಿನ ಬೆಂಚಿಗೆ ಬಂದು ನಿಂತಿತು. ಗುಮ್ಮಟದ ಇನ್ನೊಂದು ಕಡೆ ತಾಗಿಸಿದರು, ಮತ್ತೆ ಅಲ್ಲಿಗೇ ಬಂತು.

"ಬೋರಲು ಹಾಕಿದ ಬಾಂಡ್ಲಿ ಇದು," ಎಂದರು ಯಜಮಾನರ ಕಡೆ ತಿರುಗಿ. "ಬಿಸಿಲಿಗೆ ಹೊಳೆಯೋ ಬಾಂಡ್ಲಿ ಹಿಡಿದ್ರೆ ಬೆಳಕೆಲ್ಲ ಒಂದು ಕಡೆ ಸೇರಲ್ವೆ? ನಿಮ್ಮ ನಟರ ದನಿಯೆಲ್ಲ ಮೇಲೆ ಹೋಗಿ ಆ ಬೆಂಚಿಗೆ ಬೀಳ್ತಿದೆ. ಹಿಂದಕ್ಕೆ ಹೋಗೋದು ಬರೀ ಅದರ ಹೊಟ್ಟು."

"ಅದಕ್ಕೇನು ಮಾಡಬೇಕು?"

"ಹೊರಗಿಂದ ಗುಮ್ಮಟ ಹಾಗೇ ಇರಲಿ. ಒಳಗಿಂದ ಮುಚ್ಚಬೇಕು. ರಂಗದ ಮುಂದೆ ಓರೆಯಾಗಿ ಹಲಗೆಯ ಚಾವಣಿ, ಅದು ದನಿಯನ್ನ ಹಿಂದಕ್ಕೆ ತಳ್ಳುತ್ತೆ. ಗುಮ್ಮಟದ ಕೆಳಗೆ ಬಿದಿರ ತಟ್ಟಿ, ಅದಕ್ಕೆ ಗೋಣಿತಾಟು. ಹಿಂದಿನ ಗೋಡೆಗೆ ನಾರಿನ ಚಾಪೆ, ಅದು ಉಳಿದ ದನಿಯನ್ನ ಕುಡಿದುಬಿಡುತ್ತೆ. ಕೆಲಸ ಮುಗಿಯೋ ತನಕ ಆಟ ಇಲ್ಲ. ಗ್ಯಾರಂಟಿ ಕೇಳಬೇಡಿ, ಕೊಡಲ್ಲ."

ಗುಮ್ಮಟದ ಒಳಮೈಯಲ್ಲಿ ಯಜಮಾನರು ಅಷ್ಟದಿಕ್ಪಾಲಕರನ್ನು ಬರೆಸಿದ್ದರು. ಅವರು ತಲೆ ಎತ್ತಿ ಅದನ್ನೇ ನೋಡುತ್ತಾ ಎದ್ದುಹೋದರು.

ಅದೇ ವಾರ ತಂತಿಯ ಆರ್ಕಿಟೆಕ್ಟ್ ಮತ್ತೆ ಬಂದರು. ತಂತಿಯನ್ನು ಅಡ್ಡಕ್ಕೂ ಕಟ್ಟಿದರೆ ಖಂಡಿತ ಸರಿಯಾಗುತ್ತದೆ, ದಸರಾಕ್ಕೆ ಮುಂಚೆ ಮುಗಿಸುತ್ತೇನೆ, ಬೇಕಾದರೆ ಬರೆದುಕೊಡುತ್ತೇನೆ ಎಂದರು. ದಸರಾ ಎಂದರೆ ನಮಗೆ ವರ್ಷದ ಬೆಳೆ. ಊರಿಗೆ ಊರೇ ತುಂಬುವ ಆ ದಿನಗಳಲ್ಲಿ ಬಾಗಿಲು ಮುಚ್ಚಿಕೊಂಡು ಕೂರುವ ಮಾತನ್ನು ಯಜಮಾನರಿಗೆ ಹೇಗೆ ಹೇಳುವುದು? ಒಬ್ಬರು ಬರೆದುಕೊಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಗ್ಯಾರಂಟಿಯೇ ಇಲ್ಲ ಎನ್ನುತ್ತಾರೆ. ಕಂಪನಿಯವರೂ ಎರಡು ಪಾಲಾದರು. "ಅಡುಗೆ ಭಟ್ರು ಅಕ್ಕಿ ಅಳೀವಾಗ ನಿಮ್ಮ ಇಂಜಿನಿಯರ್ ಬತ್ತಾರಾ?" ಎಂದು ಹಾಸ್ಯಪಾತ್ರದವನು ಎಲ್ಲರೆದುರು ನನ್ನನ್ನು ಕೇಳಿದ. ಅವನ ಹೆಂಡತಿ ಬಸುರಿ. 

ಆ ದಿನ ನಾನು ರಾಜಪಾರ್ಟಿನವರ ಮನೆಗೆ ಹೋದೆ. ಅವರು ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದರು. ಎರಡೂ ಕಡೆಯ ಮಾತು ಹೇಳಿದೆ. ಅವರು ಮೊದಲು ಬರೆದಿದ್ದನ್ನು ಒರೆಸಿ ಬಳಪ ಹಿಡಿದರು. ಆಮೇಲೆ ಬರೆದದ್ದು ಇಷ್ಟೇ: "ನಮ್ಮನ್ನು ಒಪ್ಪಿಸಲು ಬಂದವರು ಯಾರು, ಕಟ್ಟಡವನ್ನು ಕೇಳಲು ಬಂದವರು ಯಾರು?"

ನಾನು ಯಜಮಾನರಿಗೆ ಇಂಜಿನಿಯರನ್ನೇ ಗೊತ್ತು ಮಾಡಿದ್ದೇನೆ ಎಂದು ಹೇಳಿದೆ. ಅವರು ಕೂಗಾಡಲಿಲ್ಲ. "ಮಾತು ಕೊಟ್ಟಿದೀನಿ, ಮಾಡು" ಎಂದು ಗೋಡೆಯ ಕಡೆ ಮಗ್ಗುಲಾದರು. ಅದು ಕೂಗಿಗಿಂತ ಕಷ್ಟವಾಯಿತು.

ತಂತಿ ಬಿಚ್ಚಿದೆವು. ಸಾರವೆ ಎದ್ದಿತು. ಮೇದರ ಕೇರಿಯ ಗಂಡಸರು, ಹೆಂಗಸರು ಬಂದು ಹಾಲಿನೊಳಗೇ ಕೂತು ಬಿದಿರು ಸೀಳಿ ತಟ್ಟಿ ಹೆಣೆದರು. ಇಂಜಿನಿಯರು ದಿನಕ್ಕೆರಡು ಸಲ ಬಂದು ಹಲಗೆಯ ಓರೆಯನ್ನು ಅಳೆಯುತ್ತಿದ್ದರು. ಸ್ವಲ್ಪ ತಪ್ಪಿದರೂ ಬಿಚ್ಚಿಸುತ್ತಿದ್ದರು. ಬಡಗಿಗಳು ನನ್ನ ಹತ್ತಿರ ಬಂದು ಗೊಣಗುತ್ತಿದ್ದರು. ನಾನು ಅವರಿಗೆ ಸಮಾಧಾನ ಹೇಳಿ, ಅತ್ತ ಕಂಪನಿಯವರಿಗೆ ಸಮಾಧಾನ ಹೇಳಿ, ನನಗೆ ಹೇಳಿಕೊಳ್ಳಲು ಏನೂ ಉಳಿಯದೆ ಮಲಗುತ್ತಿದ್ದೆ. ದಸರಾ ಬಂತು, ಹೋಯಿತು. ಜಂಬೂ ಸವಾರಿ ನೋಡಲು ಬಂದ ಹೊರಊರಿನ ಜನ ನಮ್ಮ ಬೀಗ ಹಾಕಿದ ಗೇಟಿನ ಮುಂದೆ ನಿಂತು, ಗುಮ್ಮಟವನ್ನು ಮೆಚ್ಚಿ ಮುಂದಕ್ಕೆ ಹೋದರು.

ಗೋಣಿತಾಟು ಬಿಗಿದು ಮುಗಿದ ಮೇಲೆ ಇಂಜಿನಿಯರು ಬೇರೆ ಕೆಲಸಕ್ಕೆಂದು ಹಾಸನಕ್ಕೆ ಹೋದರು. ನಾನೂ ತಾಯಿಗೆ ಜ್ವರವೆಂದು ಹಿನಕಲ್ಲಿಗೆ ಹೋಗಿದ್ದೆ. ವಾಪಸು ಬಂದು ಹಾಲಿನ ಬಾಗಿಲು ತೆಗೆದರೆ ಹಸಿ ಬಣ್ಣದ ವಾಸನೆ. ತಲೆ ಎತ್ತಿದೆ. ಗೋಣಿತಾಟೆಲ್ಲ ನೀಲಿ ಆಕಾಶವಾಗಿತ್ತು, ಅಂಚಿಗೆ ಬಿಳಿ ಮೋಡ, ನಡುವೆ ಹೊನ್ನಿನ ಸೂರ್ಯ. ಹಿಂದಿನ ಗೋಡೆಯ ಚಾಪೆಗೂ ಗಟ್ಟಿಯಾಗಿ ಬಣ್ಣ ಹೊಡೆದಿತ್ತು. ಯಜಮಾನರು ಸೀನು ಬರೆಯುವವರನ್ನು ಕೂರಿಸಿ ಬರೆಸಿದ್ದರು.

"ಗೋಣಿ ನೋಡ್ಕೊಂಡು ನಾಟಕ ನೋಡಕ್ಕಾಯ್ತದೇನಯ್ಯ?" ಎಂದರು. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಗೆಲುವಿತ್ತು.

ನಾನು ಕೈ ತಟ್ಟಿದೆ. ಗೋಣಿ ಬಿಗಿದ ದಿನ ಹತ್ತಿಯೊಳಗೆ ಬಿದ್ದಂತೆ ಸತ್ತಿದ್ದ ಸದ್ದು ಈಗ ಹಿಂದಿನಿಂದ ತಿರುಗಿ ಬಂತು. ಅಂಟು ಬೆರೆಸಿದ ಬಣ್ಣ ಗೋಣಿಯ, ನಾರಿನ ಸಂದುಗಳನ್ನೆಲ್ಲ ಮುಚ್ಚಿ ಚರ್ಮದಂತೆ ಬಿಗಿದಿತ್ತು.

ಇಂಜಿನಿಯರು ಬಂದು ನೋಡಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಟೊಪ್ಪಿ ತಲೆಗಿಟ್ಟು, "ನಿಮಗೆ ಬೇಕಾದ್ದು ಬಣ್ಣ ಹೊಡೆಯೋರು. ಅವರು ನಿಮ್ಮಲ್ಲೇ ಇದಾರೆ" ಎಂದು ಹೊರಟರು. ನಾನು ಗೇಟಿನ ತನಕ ಹಿಂದೆ ಓಡಿದೆ.

"ಸ್ವಾಮಿ, ಇದೊಂದು ಸಲ..."

"ನನ್ನನ್ನ ಆರಿಸಿದೀರೋ ಇಲ್ವೋ ಅನ್ನೋದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ," ಎಂದರು. "ಆಮೇಲೆ ಹೇಳಿ ಕಳಿಸಿ."

ಒಳಗೆ ಬಂದು ಆ ಆಕಾಶದ ಕೆಳಗೆ ಕೂತೆ. ಎಲ್ಲ ಮುಗಿಯಿತೆಂದೇ ಅನ್ನಿಸಿತು. ಹೊಸ ಗೋಣಿ, ಹೊಸ ಚಾಪೆ, ಮತ್ತೆ ಸಾರವೆ, ಮತ್ತೆ ಹಸಿದ ವಾರಗಳು. ಇದನ್ನು ಹೀಗೇ ಬಿಟ್ಟರೆ ಮೊದಲಿಗಿಂತ ವಾಸಿ ಎಂದು ಹೇಳಿಕೊಂಡು ಬಾಗಿಲು ತೆರೆಯಬಹುದಿತ್ತು. ಯಜಮಾನರಿಗೆ ಅದೇ ಬೇಕಾಗಿತ್ತು. ಹಾಸ್ಯಪಾತ್ರದವನಿಗೂ ಅದೇ. ಸ್ವಲ್ಪ ವಾಸಿಯಾದ ಹಾಲಿನಲ್ಲಿ ಇನ್ನೊಬ್ಬ ರಾಜಪಾರ್ಟಿನವನು ಶ್ರುತಿ ಏರಿಸುತ್ತಾ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಆರ್ಕಿಟೆಕ್ಟನ್ನು ಆರಿಸುವುದು ಒಂದು ದಿನದ ಕೆಲಸವೆಂದು ತಿಳಿದಿದ್ದೆ. ಅವರ ಮಾತು ನಮಗೆ ಹಿಡಿಸದ ಪ್ರತಿಸಲವೂ ಮತ್ತೆ ಆರಿಸಬೇಕಾಗುತ್ತದೆ ಎಂದು ಆಗ ತಿಳಿಯಿತು.

ಸಾರವೆಯವರನ್ನು ಕರೆದು ಗೋಣಿಯ ಹಗ್ಗ ಕೊಯ್ಯಲು ಹೇಳಿದೆ. ಯಾರೂ ಕದಲಲಿಲ್ಲ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ನಾನೇ ಏಣಿ ಹತ್ತಿ ಮೊದಲ ಹಗ್ಗ ಕೊಯ್ದೆ. ಆಕಾಶದ ಒಂದು ಮೂಲೆ ಬೆಂಚಿನ ಮೇಲೆ ಬಿತ್ತು.

"ನೀನು ನಂಗೆ ಮ್ಯಾನೇಜರೋ, ಆ ಇಂಜಿನಿಯರಿಗೋ?" ಎಂದು ಕೆಳಗಿನಿಂದ ಕೂಗಿದರು.

"ಗ್ಯಾಲರಿಗೆ, ಯಜಮಾನ್ರೇ."

ಅವರು ಮೆಟ್ಟಿಲಿಳಿದು ಹೋದರು. ಅಂದಿನಿಂದ ಹಾಲಿನೊಳಗೆ ಕಾಲಿಡಲಿಲ್ಲ, ನನ್ನ ಹತ್ತಿರ ಮಾತೂ ಆಡಲಿಲ್ಲ. ಕೆಲಸ ಬಿಡು ಎಂದೂ ಹೇಳಲಿಲ್ಲ. ಇಂಜಿನಿಯರಿಗೆ ಹೇಳಿ ಕಳಿಸಿದೆ. ಬಂದರು. ಬಿದ್ದಿದ್ದ ನೀಲಿ ಗೋಣಿಯನ್ನು ಕಾಲಿನಿಂದ ಸರಿಸಿ, ಏನೂ ನಡೆದಿಲ್ಲವೆಂಬಂತೆ ಅಳತೆ ಶುರು ಮಾಡಿದರು.

ಎಲ್ಲ ಮುಗಿದ ದಿನ ಪರೀಕ್ಷೆ. ಹಾಡುಹಗಲು. "ಖಾಲಿ ಹಾಲು ಸುಳ್ಳು ಹೇಳುತ್ತೆ, ಬೆಂಚು ತುಂಬಿಸಿ" ಎಂದರು ಇಂಜಿನಿಯರು. ಜನರ ಮೈ, ಬಟ್ಟೆಗಳೂ ದನಿಯನ್ನು ಕುಡಿಯುತ್ತವೆಯಂತೆ. ಕಂಪನಿಯ ಸಂಸಾರಗಳನ್ನು, ಬಡಗಿಗಳನ್ನು, ಮೇದರ ಕೇರಿಯವರನ್ನು, ಬೀದಿಯಲ್ಲಿ ಹೋಗುತ್ತಿದ್ದವರನ್ನು ಕರೆದು ಕೂರಿಸಿದೆವು. ರಂಗದ ಮೇಲೆ ಯಾರು ನಿಲ್ಲಬೇಕು? ನಾನು ಹಾಸ್ಯಪಾತ್ರದವನನ್ನು ಎಂದುಕೊಂಡಿದ್ದೆ. ಇಂಜಿನಿಯರು ರಾಜಪಾರ್ಟಿನವರ ಕಡೆ ನೋಡಿದರು.

"ಡಾಕ್ಟರು ಈಗ ಮೆಲ್ಲಗೆ ಮಾತಾಡಬಹುದು, ಗಟ್ಟಿಯಾಗಿ ಬೇಡ ಅಂದಿದಾರೆ ತಾನೆ? ನನಗೂ ಗಟ್ಟಿ ದನಿ ಬೇಡ," ಎಂದರು.

ಅವರು ಮೆಲ್ಲಗೆ ರಂಗ ಹತ್ತಿದರು. ಬಣ್ಣವಿಲ್ಲ, ಕಿರೀಟವಿಲ್ಲ, ಹೊದ್ದ ಶಾಲು. ನಾನು ಗ್ಯಾಲರಿಯ ಕೊನೆಯ ಸಾಲಿನಲ್ಲಿ ತಟ್ಟಿ ಹೆಣೆದ ಮುದುಕಿಯ ಪಕ್ಕ ಕೂತಿದ್ದೆ.  ಏನು ಹೇಳಬೇಕೆಂದು ತೋಚದೆ ಅವರು ಅತ್ತಿತ್ತ ನೋಡಿದರು. ತುಟಿ ಆಡಿತು.

"ಎಲ್ಲಾರ್ದೂ ಊಟ ಆಯ್ತಾ?"

ಅದು ದನಿಯಲ್ಲ, ಉಸಿರು. ಆ ಉಸಿರು ನನ್ನ ಕಿವಿಗೆ ಬಂತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಕೇಳಿಸಿತೆಂದು ನಾನು ಕೈ ಎತ್ತುವ ಮುಂಚೆ ಪಕ್ಕದ ಮುದುಕಿ, "ಇನ್ನೂ ಎಲ್ ಆಯ್ತು ಸ್ವಾಮಿ? ಒತ್ತಾರೆಯಿಂದ ಕೂರಿಸ್ಬುಟ್ಟವ್ರೆ!" ಎಂದು ಕೂಗಿದಳು.

ಹಾಲೆಲ್ಲ ಬಿದ್ದುಬಿದ್ದು ನಕ್ಕಿತು. ರಾಜಪಾರ್ಟಿನವರು ಮಾತ್ರ ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟರು. ತಿರುಗಿ ನೋಡಿದರೆ ಬಾಗಿಲಿಗೆ ಒರಗಿ ಯಜಮಾನರು ನಿಂತಿದ್ದರು. ನಗು ಕೇಳಿ ಬಂದಿದ್ದರೋ, ಮೊದಲೇ ಬಂದಿದ್ದರೋ ತಿಳಿಯದು.

"ಏನಂದ ಅವನು?" ಎಂದು ಕೇಳಿದರು.

"ನಿಮಗೆ ಕೇಳುಸ್ಲಿಲ್ವಾ ಯಜಮಾನ್ರೇ?"

"ಕೇಳುಸ್ತು," ಎಂದರು. "ಸುಮ್ನೆ ಇನ್ನೊಂದ್ಸಲ ಕೇಳ್ಬೇಕು ಅನ್ನುಸ್ತು."

ಸಂಕ್ರಾಂತಿಯ ಹೊತ್ತಿಗೆ ಬಾಗಿಲು ತೆರೆದೆವು. ಹೋದ ತಬಲದವನು ವಾಪಸು ಬರಲಿಲ್ಲ, ಹೋದ ದಸರಾವೂ ಬರಲಿಲ್ಲ. ರಾಜಪಾರ್ಟಿಗೆ ಬೇರೆಯವರು ಬಂದರು. ಇಂಜಿನಿಯರು ಆಮೇಲೆ ನಮ್ಮ ಆಟಕ್ಕೆ ಒಮ್ಮೆಯೂ ಬರಲಿಲ್ಲ. ಎದುರು ಸಿಕ್ಕಾಗ ಗೋಣಿಗೆ ಬಣ್ಣ ಹೊಡೆದಿಲ್ಲ ತಾನೆ ಎಂದಷ್ಟೇ ಕೇಳುತ್ತಿದ್ದರು.

ಹಳೆಯ ರಾಜಪಾರ್ಟಿನವರಿಗೆ ಹಾಡು ಮರಳಲಿಲ್ಲ. ಮಾತು ಪಿಸುಮಾತಿಗಿಂತ ಸ್ವಲ್ಪ ಮೇಲಕ್ಕೆ ಬಂದು ನಿಂತಿತು. ಆದರೂ ಅವರು ಪಾತ್ರ ಬಿಡಲಿಲ್ಲ. ಹಾಡಿಲ್ಲದ ಮುದಿ ತಂದೆ, ಋಷಿ, ಸಾಯುವ ಮಂತ್ರಿ, ಇಂಥವನ್ನು ಮಾಡತೊಡಗಿದರು. ಆ ಸಣ್ಣ ದನಿ ಬಂದಾಗ ಗ್ಯಾಲರಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

ಬೇಸಗೆಯಲ್ಲಿ ಕಂಪನಿ ಹೊರಊರಿಗೆ ಹೊರಡುವಾಗ ನಾನು ಅವರ ಪೆಟ್ಟಿಗೆಯನ್ನೂ ಗಾಡಿಗೆ ಏರಿಸಲು ಹೇಳಿದೆ. ಅವರು ಬಂದು ಇಳಿಸಿದರು.

"ಅಲ್ಲಿ ತಗಡಿನ ಕೆಳಗೆ ನನ್ನ ದನಿ ಯಾರಿಗೆ ಕೇಳುತ್ತೆ ಅಣ್ಣ?" ಎಂದರು. "ನೀವು ಹೋಗ್ಬುಟ್ಟು ಬನ್ನಿ. ನಂಗೆ ಈ ಹಾಲೊಂದೇ."

ಅವರು ಮೈಸೂರು ಬಿಟ್ಟು ಇನ್ನೆಲ್ಲೂ ಬಣ್ಣ ಹಚ್ಚಲಿಲ್ಲ.